ಮೊರಿಸ್‌ಟೌನ್‌ನ ‘ದ ಸೀಯಿಂಗ್ ಐ’: 150 ಡಾಲರ್‌ಗೆ ಸಿಗುವುದೇನು, ಸಿಗದಿರುವುದೇನು

ನ್ಯೂಜೆರ್ಸಿಯ ಮೊರಿಸ್‌ಟೌನ್‌ನಲ್ಲಿರುವ ‘ದ ಸೀಯಿಂಗ್ ಐ’ ಸಂಸ್ಥೆಯು ಕಣ್ಣು ಕಾಣದವರಿಗೆ ಪಳಗಿಸಿದ ಮಾರ್ಗದರ್ಶಿ ನಾಯಿಯನ್ನು ಕೊಡುವುದಕ್ಕೆ ತೆಗೆದುಕೊಳ್ಳುವ ಶುಲ್ಕ 150 ಡಾಲರ್. ಅದೇ ವ್ಯಕ್ತಿ ಮುಂದೆ ಇನ್ನೊಂದು ನಾಯಿಗಾಗಿ ಬಂದರೆ 50 ಡಾಲರ್. ಸೇನೆಯಲ್ಲಿ ಸೇವೆ ಸಲ್ಲಿಸಿದವರಿಗೆ ಒಂದೇ ಡಾಲರ್. 1934ರಿಂದ ಈ ದರ ಬದಲಾಗಿಲ್ಲ. ನಾಯಿ, ಅದರ ಹಾರ್ನೆಸ್ (ನಾಯಿಯ ಮೈಗೆ ತೊಡಿಸುವ, ನಾವು ಹಿಡಿದು ನಡೆಯಲು ಹಿಡಿಯಿರುವ ಪಟ್ಟಿ), ನಮಗೆ ಕೊಡುವ ತರಬೇತಿ, ಆ ಅವಧಿಯ ಊಟ ಮತ್ತು ವಸತಿ, ಮೊರಿಸ್‌ಟೌನ್‌ಗೆ ಹೋಗಿಬರುವ ಪ್ರಯಾಣದ ಖರ್ಚು, ಎಲ್ಲವೂ ಇದರಲ್ಲೇ ಸೇರಿದೆ. ಮೈಸೂರಿನಲ್ಲಿ ಓದಿ, ಈಗ ನ್ಯೂಜೆರ್ಸಿಯದೇ ಊರಾದ ಎಡಿಸನ್‌ನಲ್ಲಿ ನೆಲೆಸಿರುವ, ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡ ನನ್ನಂಥವನಿಗೆ ಈ ಸಂಸ್ಥೆಯ ಸೇವೆ ಹೇಗೆ ಒದಗಿತು ಎಂಬುದನ್ನು ಇಲ್ಲಿನ ಕನ್ನಡ ಕುಟುಂಬಗಳು ಹಲವು ಬಾರಿ ಕೇಳಿರುವುದರಿಂದ, ಅದನ್ನು ಒಂದು ಕಡೆ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಸಂಸ್ಥೆ ತನ್ನ ಪಾಲಿನ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಅದು ಕೊಡುವುದು ಒಂದು ಜೋಡಿಯ ಅರ್ಧವನ್ನು ಮಾತ್ರ. ಉಳಿದರ್ಧ ನಾವೇ ಆಗಿರಬೇಕು. ಬಿಳಿ ಕೋಲು ಹಿಡಿದು ಒಬ್ಬರೇ ನಡೆಯಲು ಬಾರದವರಿಗೆ ನಾಯಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಮನೆಯವರು ನಂಬಿ ಅರ್ಜಿ ಹಾಕಿಸುವುದನ್ನು ನೋಡಿದ್ದೇನೆ. ಆ ನಂಬಿಕೆಯಲ್ಲಿ ಹುರುಳಿಲ್ಲ. ನಾಯಿಗೆ ದಾರಿ ಗೊತ್ತಿರುವುದಿಲ್ಲ. ಎಷ್ಟನೆಯ ಬೀದಿಯಲ್ಲಿ ಎಡಕ್ಕೆ ತಿರುಗಬೇಕು, ಬಸ್ ನಿಲ್ದಾಣ ರಸ್ತೆಯ ಯಾವ ಬದಿಗಿದೆ ಎಂಬುದನ್ನೆಲ್ಲ ತಿಳಿದು ಅಪ್ಪಣೆ ಕೊಡಬೇಕಾದವರು ನಾವು. ಆ ಅಪ್ಪಣೆಯಂತೆ ನಡೆಯುವಾಗ ಕಂಬ, ಗುಂಡಿ, ತಲೆಯ ಮಟ್ಟಕ್ಕೆ ಚಾಚಿದ ಕೊಂಬೆ, ಎದುರಿಗೆ ಬರುವ ಜನ ಇವುಗಳಿಗೆ ತಾಗದಂತೆ ಕರೆದೊಯ್ಯುವುದು ಅದರ ಕೆಲಸ. ಟ್ರಾಫಿಕ್ ದೀಪವನ್ನೂ ಅದು ಓದುವುದಿಲ್ಲ. ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸ ನಾಯಿಯ ಕಣ್ಣಿಗೆ ಸರಿಯಾಗಿ ತಿಳಿಯುವುದೇ ಇಲ್ಲ. ವಾಹನಗಳ ಸದ್ದನ್ನು ಆಲಿಸಿ ಯಾವಾಗ ದಾಟಬೇಕೆಂದು ನಿರ್ಧರಿಸುವ ಹೊಣೆ ನಮ್ಮದೇ.

ಈ ಕಾರಣಕ್ಕಾಗಿಯೇ ಸಂಸ್ಥೆಯವರು ಅರ್ಜಿಯ ಹಂತದಲ್ಲಿ ಬಹಳ ಕಟ್ಟುನಿಟ್ಟಾಗಿರುತ್ತಾರೆ. ಅಮೆರಿಕ ಅಥವಾ ಕೆನಡಾದಲ್ಲಿ ವಾಸವಿರಬೇಕು, ಹದಿನಾರು ವರ್ಷ ತುಂಬಿರಬೇಕು, ದಿನಕ್ಕೆ ಒಂದೆರಡು ಮೈಲಿ ನಡೆಯುವ ಆರೋಗ್ಯವಿರಬೇಕು, ನಡೆದು ಹೋಗಲು ನಿಜವಾದ ಜಾಗಗಳೂ ಇರಬೇಕು. ಎಲ್ಲಿಗೆ ಹೋಗುವುದಿದ್ದರೂ ಮನೆಯವರ ಕಾರಿನಲ್ಲೇ ಹೋಗಿಬರುವವರಿಗೆ ಮಾರ್ಗದರ್ಶಿ ನಾಯಿಯಿಂದ ಉಪಯೋಗವಿಲ್ಲ, ನಾಯಿಗೂ ಅದು ಅನ್ಯಾಯ. ಎಡಿಸನ್‌ನಂಥ ಊರುಗಳ ಹಲವು ಬಡಾವಣೆಗಳಲ್ಲಿ ಫುಟ್‌ಪಾತೇ ಇರುವುದಿಲ್ಲವಾದ್ದರಿಂದ ಈ ಪ್ರಶ್ನೆ ನಮ್ಮವರಿಗೆ ಮುಖ್ಯವಾಗುತ್ತದೆ. ತರಬೇತುದಾರರು ನಮ್ಮ ಮನೆಗೇ ಬಂದು, ನಾವು ಕೋಲು ಹಿಡಿದು ನಡೆಯುವುದನ್ನು ಗಮನಿಸಿ, ಆಮೇಲೆ ಖಾಲಿ ಹಾರ್ನೆಸ್‌ನ ಒಂದು ತುದಿಯನ್ನು ತಾವು ಹಿಡಿದು, ಹಿಡಿಯನ್ನು ನಮ್ಮ ಕೈಗೆ ಕೊಟ್ಟು, ತಾವೇ ನಾಯಿಯಂತೆ ಮುಂದೆ ನಡೆಯುತ್ತಾರೆ. ಇದನ್ನು ಅಲ್ಲಿ ‘ಜೂನೋ ನಡಿಗೆ’ ಎನ್ನುತ್ತಾರೆ. ನೋಡುವವರಿಗೆ ನಗು ಬರಬಹುದು. ಪಕ್ಕದ ಮನೆಯವರು ನಕ್ಕದ್ದು ನನಗೆ ಕೇಳಿಸಿತು ಕೂಡ. ಆದರೆ ನಮ್ಮ ನಡಿಗೆಯ ವೇಗ ಎಷ್ಟು, ಎಷ್ಟು ಬಲವಾದ ಎಳೆತವನ್ನು ಕೈ ತಾಳುತ್ತದೆ, ತಟ್ಟನೆ ನಿಂತಾಗ ಮೈ ಹೇಗೆ ಸಮತೋಲ ಕಾಯ್ದುಕೊಳ್ಳುತ್ತದೆ ಎಂಬ ಲೆಕ್ಕಗಳೆಲ್ಲ ಅಲ್ಲೇ ಸಿಗುತ್ತವೆ. ಯಾರಿಗೆ ಯಾವ ನಾಯಿ ಎಂಬುದನ್ನು ತೀರ್ಮಾನಿಸುವಾಗ ಈ ಲೆಕ್ಕಗಳೇ ಆಧಾರ.

ಈ ಹೊಂದಾಣಿಕೆಯೇ ಇಡೀ ಸೇವೆಯ ತಿರುಳು ಎಂದು ನನ್ನ ಭಾವನೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಈ ಕೊನೆಯ ಎರಡರ ಮಿಶ್ರತಳಿಗಳನ್ನು ಸಂಸ್ಥೆಯೇ ಬೆಳೆಸುತ್ತದೆ. ಏಳೆಂಟು ವಾರದ ಮರಿಯನ್ನು ಸ್ವಯಂಸೇವಕ ಕುಟುಂಬವೊಂದು ಮನೆಗೆ ಕರೆದೊಯ್ದು, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸಾಕಿ, ಅಂಗಡಿ, ಬಸ್ಸು, ಗದ್ದಲ, ಮೆಟ್ಟಿಲು ಎಲ್ಲವನ್ನೂ ಅದಕ್ಕೆ ಪರಿಚಯಿಸಿ, ಮತ್ತೆ ಸಂಸ್ಥೆಗೆ ಒಪ್ಪಿಸುತ್ತದೆ. ಅಲ್ಲಿಂದ ಸುಮಾರು ನಾಲ್ಕು ತಿಂಗಳು ತರಬೇತುದಾರರ ಕೈಯಲ್ಲಿ ಪಳಗುವಿಕೆ. ಎಲ್ಲ ಮರಿಗಳೂ ದಡ ಸೇರುವುದಿಲ್ಲ. ಆರೋಗ್ಯದ ಕಾರಣಕ್ಕೋ ಸ್ವಭಾವದ ಕಾರಣಕ್ಕೋ ಹೊರಗುಳಿದವು ಬೇರೆ ಕೆಲಸಗಳಿಗೆ ಅಥವಾ ಮನೆಗಳಿಗೆ ಸಾಕುನಾಯಿಗಳಾಗಿ ಹೋಗುತ್ತವೆ. ಹೀಗೆ ಸಿದ್ಧವಾದ ನಾಯಿಗಳ ನಡುವೆ, ವೇಗವಾಗಿ ನಡೆಯುವ ಇಪ್ಪತ್ತೈದರ ಯುವಕನಿಗೆ ಒಂದು ಬಗೆಯದು, ಗದ್ದಲದ ಕಚೇರಿಯಲ್ಲಿ ಗಂಟೆಗಟ್ಟಲೆ ಮೇಜಿನ ಕೆಳಗೆ ಸುಮ್ಮನೆ ಮಲಗಿರಬೇಕಾದವನಿಗೆ ಇನ್ನೊಂದು ಬಗೆಯದು ಎಂದು ಆರಿಸಲಾಗುತ್ತದೆ. ನಮಗೆ ಆಯ್ಕೆಯ ಅವಕಾಶವಿಲ್ಲ, ಹೆಸರು ಬದಲಾಯಿಸುವ ಅವಕಾಶವೂ ಇಲ್ಲ. ನನ್ನ ನಾಯಿಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಕೆಲಸದಲ್ಲಿರುವಾಗ ದಾರಿಹೋಕರು ಹೆಸರು ಹಿಡಿದು ಕರೆದರೆ ಅದರ ಗಮನ ತಪ್ಪುತ್ತದೆ, ಅದರಿಂದ ತೊಂದರೆಯಾಗುವುದು ನನ್ನ ಕಾಲಿಗೆ.

ಮೊದಲ ಬಾರಿಗೆ ನಾಯಿ ಪಡೆಯುವವರು ಸಂಸ್ಥೆಯ ಆವರಣದಲ್ಲಿ ಮೂರು ನಾಲ್ಕು ವಾರ ಉಳಿಯಬೇಕು. ಇಷ್ಟು ರಜೆ ಹೊಂದಿಸುವುದು ಸುಲಭವಲ್ಲ, ಚಿಕ್ಕ ಮಕ್ಕಳಿರುವ ತಾಯಂದಿರಿಗಂತೂ ಬಹಳ ಕಷ್ಟ. ಇದು ಸೇವೆಯ ದೋಷವಲ್ಲದಿದ್ದರೂ ಅದರ ನಿಜವಾದ ಬೆಲೆಯ ಒಂದು ಭಾಗ. ಮೊದಲ ಒಂದೆರಡು ದಿನ ನಾಯಿಯಿಲ್ಲದ ಪಾಠ, ಆಮೇಲೆ ನಾಯಿಯ ಪರಿಚಯ, ಅಲ್ಲಿಂದ ಮುಂದೆ ಹಗಲೂ ರಾತ್ರಿ ಅದರ ಜೊತೆ. ಬೆಳಿಗ್ಗೆ ಬೇಗ ಎದ್ದು ನಾಯಿಯನ್ನು ಹೊರಗೆ ಕರೆದೊಯ್ದು, ಆಹಾರ ಕೊಟ್ಟು, ಬ್ರಷ್ ಮಾಡಿ, ಮೊರಿಸ್‌ಟೌನ್ ಪೇಟೆಯ ಬೀದಿಗಳಿಗೆ ವ್ಯಾನಿನಲ್ಲಿ ಹೊರಡಬೇಕು. ಸಂಸ್ಥೆ ದಶಕಗಳಿಂದ ಇದೇ ಊರಿನಲ್ಲಿ ತರಬೇತಿ ಕೊಡುತ್ತಿರುವುದರಿಂದ ಅಲ್ಲಿಯ ಅಂಗಡಿಯವರು, ಚಾಲಕರು, ಪಾದಚಾರಿಗಳು ಇದಕ್ಕೆ ಎಷ್ಟು ಒಗ್ಗಿದ್ದಾರೆಂದರೆ ಯಾರೂ ತಿರುಗಿ ನೋಡುವುದಿಲ್ಲ, ಯಾರೂ ನಡುವೆ ಬಂದು ನಾಯಿಯ ತಲೆ ಸವರುವುದಿಲ್ಲ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಜೊತೆಗೇ ಒಂದು ಸಣ್ಣ ಮೋಸವೂ ಹೌದು, ಏಕೆಂದರೆ ನಮ್ಮ ಊರಿಗೆ ಮರಳಿದ ಮೊದಲ ವಾರವೇ ಜಗತ್ತು ಮೊರಿಸ್‌ಟೌನ್ ಅಲ್ಲವೆಂದು ತಿಳಿಯುತ್ತದೆ.

ತರಬೇತಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ನಾಯಿಯ ಬುದ್ಧಿವಂತ ಅವಿಧೇಯತೆಯನ್ನು ನಮಗೆ ಅರ್ಥಮಾಡಿಸಿದ ರೀತಿ. ನಾವು ‘ಫಾರ್ವರ್ಡ್’ ಎಂದಾಗ ಎದುರಿಗೆ ವಾಹನ ನುಗ್ಗಿ ಬರುತ್ತಿದ್ದರೆ ನಾಯಿ ಆ ಅಪ್ಪಣೆಯನ್ನು ಮೀರಬೇಕು. ಇದನ್ನು ಬರಿಯ ಮಾತಿನಲ್ಲಿ ಹೇಳಿ ಬಿಡುವುದಿಲ್ಲ. ಸಂಸ್ಥೆಯ ಸಿಬ್ಬಂದಿಯೇ ಕಾರು ಓಡಿಸಿಕೊಂಡು ಬಂದು ನಮ್ಮ ದಾರಿಗೆ ಅಡ್ಡ ಹಾಯುತ್ತಾರೆ. ಸದ್ದಿಲ್ಲದ ಹೈಬ್ರಿಡ್ ಕಾರು ಹಾಗೆ ಬಂದಾಗ ನನಗೆ ಏನೂ ಕೇಳಿಸಲಿಲ್ಲ. ಹಾರ್ನೆಸ್ ತಟ್ಟನೆ ಹಿಂದಕ್ಕೆ ಸರಿಯಿತು, ನಾನೂ ಸರಿದೆ, ಆಮೇಲೆ ಟೈರಿನ ಗಾಳಿ ಮೊಣಕಾಲಿಗೆ ತಾಗಿತು. ಕೋಲು ಎಷ್ಟೇ ಒಳ್ಳೆಯದಾದರೂ ಈ ಒಂದು ಕೆಲಸವನ್ನು ಮಾಡಲಾರದು. ನಾಯಿ ಹಾಗೆ ನಿಂತಾಗ ಹಟ ಮಾಡುತ್ತಿದೆಯೋ ಅಪಾಯ ಕಂಡಿದೆಯೋ ಎಂದು ಗುರುತಿಸುವುದನ್ನು ನಾವು ಕಲಿಯಬೇಕು, ಅದಕ್ಕೆ ಮೂರು ವಾರ ಸಾಲದು. ಮನೆಗೆ ಬಂದು ಆರು ತಿಂಗಳಿಂದ ಒಂದು ವರ್ಷ ಕಳೆಯುವ ತನಕ ಜೋಡಿ ಪಕ್ವವಾಗುವುದಿಲ್ಲ ಎಂದು ತರಬೇತುದಾರರು ಹೇಳುವುದು ಸರಿಯಾಗಿಯೇ ಇದೆ.

ಮುಜುಗರದ ವಿಷಯವೊಂದನ್ನು ಬಿಡಬಾರದು, ಏಕೆಂದರೆ ನಮ್ಮವರು ಎಲ್ಲಕ್ಕಿಂತ ಮೊದಲು ಕೇಳುವುದು ಅದನ್ನೇ. ನಾಯಿಯ ಮಲವನ್ನು ಕಣ್ಣು ಕಾಣದವರು ಎತ್ತುವುದು ಹೇಗೆ? ನಾಯಿ ಕುಳಿತಾಗ ಬೆನ್ನಿನ ಮೇಲೆ ಮೃದುವಾಗಿ ಕೈಯಿಡಬೇಕು. ಬೆನ್ನು ಬಿಲ್ಲಿನಂತೆ ಬಾಗಿದ್ದರೆ ಮಲವಿಸರ್ಜನೆ, ನೇರವಾಗಿ ಇಳಿಜಾರಾಗಿದ್ದರೆ ಮೂತ್ರ. ಆ ಜಾಗವನ್ನು ಪಾದದಿಂದ ಗುರುತು ಹಾಕಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ತಡಕಿ ಎತ್ತಿ, ಚೀಲವನ್ನು ಒಳಹೊರಗು ಮಾಡಿ ಗಂಟು ಹಾಕಿದರೆ ಮುಗಿಯಿತು. ದಿನವೂ ಹೊತ್ತಿಗೆ ಸರಿಯಾಗಿ ಆಹಾರ, ನೀರು ಕೊಡುವುದರಿಂದ ಹೊರಗೆ ಕರೆದೊಯ್ಯುವ ಹೊತ್ತೂ ನಿಗದಿಯಾಗುತ್ತದೆ. ಅಪ್ಪಟ ಸಸ್ಯಾಹಾರಿ ಮನೆಯಲ್ಲಿ ಬೆಳೆದ ನನಗೆ ಮಲಕ್ಕಿಂತ ಹೆಚ್ಚು ಮುಜುಗರ ತಂದದ್ದು ಕೋಳಿಮಾಂಸ ಬೆರೆತ ಒಣ ಆಹಾರದ ವಾಸನೆ. ಆ ಡಬ್ಬಿಯನ್ನು ಗರಾಜಿನಲ್ಲಿ ಇಡುವುದೆಂದು ಮನೆಯಲ್ಲಿ ಒಪ್ಪಂದವಾಗಿದೆ.

ಸಂಸ್ಥೆಯ ಹಿನ್ನೆಲೆಯನ್ನು ತಿಳಿದರೆ ಶುಲ್ಕದ ಅರ್ಥವೂ ಆಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ, ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದುದನ್ನು ಕಂಡು 1927ರಲ್ಲಿ ಒಂದು ಲೇಖನ ಬರೆದರು. ಅದನ್ನು ಓದಿಸಿ ಕೇಳಿದ ಟೆನೆಸ್ಸಿಯ ಅಂಧ ಯುವಕ ಮೋರಿಸ್ ಫ್ರ್ಯಾಂಕ್ ಆಕೆಗೆ ಪತ್ರ ಬರೆದು, 1928ರಲ್ಲಿ ಅಲ್ಲಿಗೆ ಹೋಗಿ, ‘ಬಡ್ಡಿ’ ಎಂಬ ಜರ್ಮನ್ ಶೆಫರ್ಡ್ ಜೊತೆ ಮರಳಿ, ನ್ಯೂಯಾರ್ಕಿನ ವಾಹನಗಳಿಂದ ಕಿಕ್ಕಿರಿದ ರಸ್ತೆಯೊಂದನ್ನು ಪತ್ರಕರ್ತರ ಎದುರಿಗೆ ದಾಟಿ ತೋರಿಸಿದರು. 1929ರ ಜನವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಸಂಸ್ಥೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ನ್ಯೂಜೆರ್ಸಿಗೆ ಬಂತು. ಮೊರಿಸ್‌ಟೌನ್‌ನ ಗ್ರೀನ್ ಮೈದಾನದಲ್ಲಿ ಫ್ರ್ಯಾಂಕ್ ಮತ್ತು ಬಡ್ಡಿಯ ಕಂಚಿನ ಪ್ರತಿಮೆಯಿದೆ. ಕೈಯಿಂದ ಮುಟ್ಟಿ ನೋಡುವಂತಿರುವ ಪ್ರತಿಮೆಗಳು ನಮಗೆ ಅಪರೂಪ, ಆದ್ದರಿಂದ ಹೋದವರು ಅದನ್ನು ತಪ್ಪಿಸಬಾರದು. ನಾಯಿಯನ್ನು ದಾನವಾಗಿ ಪಡೆಯದೆ ತಾನೇ ಬೆಲೆ ಕೊಟ್ಟು ಪಡೆದೆ ಎಂಬ ಸ್ವಾಭಿಮಾನ ಅಂಧರಿಗೆ ಇರಲೆಂಬುದು ಶುಲ್ಕದ ಹಿಂದಿನ ವಿಚಾರ. ಅಷ್ಟು ಹಣ ಒಮ್ಮೆಗೇ ಕೊಡಲಾಗದವರು ಕಂತಿನಲ್ಲಿ ಕೊಡಬಹುದು. ತರಬೇತಿ ಮುಗಿದ ಮೇಲೆ ನಾಯಿಯ ಸಂಪೂರ್ಣ ಒಡೆತನವನ್ನು ನಮಗೇ ಬರೆದುಕೊಡುವುದೂ ಇದೇ ನೀತಿಯ ಮುಂದುವರಿಕೆ. ಕೆಲವು ಬೇರೆ ಸಂಸ್ಥೆಗಳು ಒಡೆತನವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ನನ್ನ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಒಡೆತನದ ಜೊತೆಗೆ ಖರ್ಚೂ ನಮ್ಮದಾಗುತ್ತದೆ. ಆಹಾರ, ಲಸಿಕೆ, ಪಶುವೈದ್ಯರ ಶುಲ್ಕ, ಉಣ್ಣಿ ಮತ್ತು ಹೃದಯದ ಹುಳುವಿನ ಔಷಧ, ಇವೆಲ್ಲ ವರ್ಷವರ್ಷವೂ ಬರುತ್ತವೆ, 150 ಡಾಲರನ್ನು ಎಂದೋ ಮರೆಸುತ್ತವೆ. ಆದಾಯ ತೆರಿಗೆಯಲ್ಲಿ ಕಡಿತಗಳನ್ನು ಒಂದೊಂದಾಗಿ ನಮೂದಿಸುವವರು ಮಾರ್ಗದರ್ಶಿ ನಾಯಿಯ ಆಹಾರ ಮತ್ತು ಚಿಕಿತ್ಸೆಯ ವೆಚ್ಚವನ್ನು ವೈದ್ಯಕೀಯ ವೆಚ್ಚದಲ್ಲಿ ಸೇರಿಸಿಕೊಳ್ಳಬಹುದು ಎಂಬುದು ನಮ್ಮ ಅನೇಕರಿಗೆ ತಿಳಿದಿಲ್ಲ. ಬಾಡಿಗೆ ಮನೆಯಲ್ಲಿರುವವರಿಂದ ಸಾಕುಪ್ರಾಣಿಯ ಹೆಸರಿನಲ್ಲಿ ಹೆಚ್ಚುವರಿ ಠೇವಣಿಯನ್ನು ಮಾಲೀಕರು ಕೇಳುವಂತಿಲ್ಲ. ಸಾಮಾನ್ಯವಾಗಿ ಏಳೆಂಟು ವರ್ಷ ದುಡಿದ ಮೇಲೆ ನಾಯಿ ನಿವೃತ್ತವಾಗುತ್ತದೆ, ಆಗ ಅದನ್ನು ಮನೆಯಲ್ಲೇ ಇಟ್ಟುಕೊಂಡು ಹೊಸದಕ್ಕೆ ಅರ್ಜಿ ಹಾಕಬಹುದು, ಅಥವಾ ಬೇಕಾದವರಿಗೆ ಸಾಕಲು ಕೊಡಬಹುದು. ಅಲ್ಲಿಯ ತನಕವೂ ಸಂಸ್ಥೆ ಕೈಬಿಡುವುದಿಲ್ಲ: ಕರೆ ಮಾಡಿದರೆ ಸಲಹೆ ಕೊಡುತ್ತಾರೆ, ಫೋನಿನಲ್ಲಿ ಬಗೆಹರಿಯದಿದ್ದರೆ ತರಬೇತುದಾರರು ಮನೆಗೇ ಬರುತ್ತಾರೆ.

ಸಂಸ್ಥೆಯ ಗೇಟಿನಿಂದ ಹೊರಗೆ ಬಂದ ಮೇಲೆ ನಮ್ಮ ಜೊತೆಗಿರುವುದು ಕಾನೂನು. ಅಂಗವಿಕಲರ ಹಕ್ಕುಗಳನ್ನು ಕಾಯುವ ಅಮೆರಿಕದ 1990ರ ಎಡಿಎ ಕಾಯಿದೆಯ ಪ್ರಕಾರ ಹೋಟೆಲು, ಅಂಗಡಿ, ಟ್ಯಾಕ್ಸಿ, ಆಸ್ಪತ್ರೆಗಳು ನಮ್ಮನ್ನು ನಾಯಿಯೊಡನೆ ಒಳಬಿಡಲೇಬೇಕು. ಅಂಗವೈಕಲ್ಯದ ಕಾರಣಕ್ಕಾಗಿ ಬೇಕಾದ ನಾಯಿಯೇ ಎಂದೂ, ಯಾವ ಕೆಲಸಕ್ಕೆ ಪಳಗಿದೆ ಎಂದೂ ಸಿಬ್ಬಂದಿ ಕೇಳಬಹುದು. ಪ್ರಮಾಣಪತ್ರ ತೋರಿಸಿ ಎನ್ನುವಂತಿಲ್ಲ. ಆದರೂ ಆ್ಯಪ್‌ನಲ್ಲಿ ಕರೆದ ಕಾರು ನಾಯಿಯನ್ನು ಕಂಡೊಡನೆ ನಿಲ್ಲಿಸದೆ ಹೊರಟುಹೋಗುವುದು, ನಮ್ಮ ದೇಶದವರದೇ ಊಟದ ಹೋಟೆಲೊಂದರಲ್ಲಿ ‘ಪಾರ್ಸೆಲ್ ಕೊಡುತ್ತೇವೆ, ಹೊರಗೆ ನಿಲ್ಲಿ ಸರ್’ ಎನ್ನುವುದು ನನಗೆ ಹೊಸದೇನಲ್ಲ. ಇಂಥ ಹೊತ್ತಿನಲ್ಲಿ ದನಿ ಏರಿಸದೆ ಕಾನೂನನ್ನು ಹೇಳುವುದು ಹೇಗೆಂಬುದನ್ನೂ ತರಬೇತಿಯಲ್ಲಿ ಹೇಳಿಕೊಡುತ್ತಾರೆ, ಅದು ಬಹಳ ಉಪಯೋಗಕ್ಕೆ ಬಂದಿದೆ.

ದೇವಸ್ಥಾನದ ವಿಷಯ ಬೇರೆ. ಧಾರ್ಮಿಕ ಸಂಸ್ಥೆಗಳಿಗೆ ಎಡಿಎ ಕಾಯಿದೆಯ ಈ ಭಾಗ ಅನ್ವಯಿಸುವುದಿಲ್ಲ, ಆದ್ದರಿಂದ ನಾಯಿಯನ್ನು ಬಿಡುವುದು ಬಿಡದಿರುವುದು ಆಡಳಿತ ಮಂಡಳಿಯ ಇಷ್ಟ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲ ತನಕ ನಡೆದ ನಾಯಿಯನ್ನೂ ದತ್ತಾತ್ರೇಯನ ಪಾದದ ಬಳಿಯ ನಾಲ್ಕು ನಾಯಿಗಳನ್ನೂ ನೆನಪಿಸಿ ವಾದ ಹೂಡಬಹುದೇನೋ, ನಾನು ಹೂಡಿಲ್ಲ. ಅಲ್ಲಿಗೆ ಕೋಲು ಹಿಡಿದು ಹೋಗುತ್ತೇನೆ. ಕನ್ನಡ ಕೂಟದ ಕಾರ್ಯಕ್ರಮಗಳು ಶಾಲೆಯ ಸಭಾಂಗಣಗಳಲ್ಲಿ ನಡೆಯುವುದರಿಂದ ಅಲ್ಲಿ ತಡೆಯಿಲ್ಲ. ಅಲ್ಲಿಯ ತೊಂದರೆ ಪ್ರೀತಿಯದು. ಹಬ್ಬದೂಟದ ಪಂಕ್ತಿಯಲ್ಲಿ ‘ಪಾಪ, ಒಂದು ಚೂರು ಹೋಳಿಗೆ ಹಾಕಲೇ?’ ಎಂದು ಕೇಳುವ ಹಿರಿಯರನ್ನು ತಡೆಯುವುದು ಚಾಲಕರನ್ನು ಒಪ್ಪಿಸುವುದಕ್ಕಿಂತ ಕಷ್ಟ. ಒಮ್ಮೆ ಹಾಕಿದರೆ ನೆಲಕ್ಕೆ ಬಿದ್ದ ಪ್ರತಿ ಅಗುಳಿನತ್ತ ಅದರ ಮೂಗು ತಿರುಗುತ್ತದೆ, ತಿಂಗಳುಗಟ್ಟಲೆ ಕಲಿಸಿದ ಪಾಠ ಕೆಡುತ್ತದೆ. ನನ್ನ ಅಮ್ಮ ಊರಿನಿಂದ ಬಂದಾಗ ಮೊದಲ ವಾರ ನಾಯಿ ಸೋಕಿದಾಗಲೆಲ್ಲ ಸೀರೆ ಬದಲಿಸುತ್ತಿದ್ದರು. ಅಡುಗೆಮನೆ ಮತ್ತು ದೇವರ ಮನೆಯ ಹೊಸಿಲನ್ನು ಅದು ದಾಟದಂತೆ ಕಲಿಸಿದ ಮೇಲೆ ಗೊಣಗುವುದು ನಿಂತಿತು. ಹಿರಿಯರು ಜೊತೆಗಿರುವ ಮನೆಯವರು ಈ ಮಾತುಕತೆಯನ್ನು ಅರ್ಜಿ ಹಾಕುವ ಮುಂಚೆಯೇ ಮುಗಿಸಿಕೊಳ್ಳಬೇಕು. ಮನೆಯವರೆಲ್ಲರ ಒಪ್ಪಿಗೆ ಇಲ್ಲದ ಕಡೆ ನಾಯಿ ಬಾಳಲಾರದು.

ಬೇರೆ ಸಂಸ್ಥೆಗಳ ಬಗ್ಗೆಯೂ ಎರಡು ಮಾತು. ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿರುವ ‘ಗೈಡಿಂಗ್ ಐಸ್ ಫಾರ್ ದ ಬ್ಲೈಂಡ್’, ಕ್ಯಾಲಿಫೋರ್ನಿಯಾದ ಸ್ಯಾನ್ ರಫಾಯೆಲ್‌ನಲ್ಲಿರುವ ‘ಗೈಡ್ ಡಾಗ್ಸ್ ಫಾರ್ ದ ಬ್ಲೈಂಡ್’ ಇವು ಪೂರ್ತಿ ಉಚಿತವಾಗಿಯೇ ನಾಯಿ ಕೊಡುತ್ತವೆ. ಗಾಲಿಕುರ್ಚಿ ಬಳಸುವವರಿಗೆ ಬಿದ್ದ ವಸ್ತು ಎತ್ತಿಕೊಡುವ, ಬಾಗಿಲು ತೆರೆಯುವ ನಾಯಿ ಬೇಕಿದ್ದರೆ ಸೀಯಿಂಗ್ ಐ ಉಪಯೋಗಕ್ಕೆ ಬಾರದು. ಅಂಥವರು ‘ಕೆನೈನ್ ಕಂಪ್ಯಾನಿಯನ್ಸ್’ ಸಂಸ್ಥೆಯನ್ನು ವಿಚಾರಿಸಬೇಕು, ಅದೂ ಉಚಿತವೇ. ಇಂಥ ಕಡೆಗಳಲ್ಲಿ ಕಾಯಬೇಕಾಗುತ್ತದೆ ಎಂಬುದನ್ನೇ ಬಂಡವಾಳ ಮಾಡಿಕೊಂಡು ಹತ್ತಾರು ಸಾವಿರ ಡಾಲರ್ ಕೇಳುವ ಖಾಸಗಿ ಮಾರಾಟಗಾರರಿದ್ದಾರೆ. ಮನೆಯ ಸಾಕುನಾಯಿಗೆ ಕೆಂಪು ಅಂಗಿ, ಗುರುತಿನ ಚೀಟಿ, ‘ನೋಂದಣಿ ಪತ್ರ’ ಕಳಿಸಿಕೊಡುವ ಜಾಲತಾಣಗಳೂ ಇವೆ. ಆ ಪತ್ರಕ್ಕೆ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ಅಂಥ ಪಳಗದ ನಾಯಿಯೊಂದು ಅಂಗಡಿಯಲ್ಲಿ ನನ್ನ ನಾಯಿಯ ಮೇಲೆ ಎಗರಿದಾಗ ಅದನ್ನು ಮತ್ತೆ ಧೈರ್ಯಕ್ಕೆ ತರಲು ತರಬೇತುದಾರರನ್ನು ಕರೆಸಬೇಕಾಯಿತು. ಸಾಂತ್ವನಕ್ಕಾಗಿ ಸಾಕುವ ನಾಯಿಗೆ ಎಡಿಎಯಲ್ಲಿ ಸೇವಾ ನಾಯಿಯ ಸ್ಥಾನವಿಲ್ಲ, 2021ರ ಜನವರಿಯಿಂದ ವಿಮಾನಗಳಲ್ಲೂ ಅದನ್ನು ಸೇವಾ ನಾಯಿಯೆಂದು ಒಪ್ಪಬೇಕಾಗಿಲ್ಲ.

ಕೊನೆಯದಾಗಿ ಊರಿಗೆ ಹೋಗುವ ಪ್ರಶ್ನೆ. ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಭಾರತವನ್ನು ಸೇರಿಸಿದೆ. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ಅಲ್ಲಿಂದ ಮರಳುವ ನಾಯಿಗೆ ಮೈಕ್ರೋಚಿಪ್ ಇರಬೇಕು, ಅಮೆರಿಕದಲ್ಲೇ ಲಸಿಕೆ ಹಾಕಿಸಿದ್ದಕ್ಕೆ ಮಾನ್ಯತೆ ಪಡೆದ ಪಶುವೈದ್ಯರು ತುಂಬಿದ ಪ್ರಮಾಣಪತ್ರವಿರಬೇಕು, ಸಿಡಿಸಿಯ ಆಮದು ನಮೂನೆಯನ್ನೂ ತುಂಬಿರಬೇಕು. ಸೇವಾ ನಾಯಿಯೆಂದು ಇದರಲ್ಲಿ ವಿನಾಯಿತಿಯ ಭರವಸೆ ಇಟ್ಟುಕೊಳ್ಳಬಾರದು. ಭಾರತದ ಕಡೆ ಪ್ರಾಣಿ ಸಂಗರೋಧ (ಕ್ವಾರಂಟೈನ್) ಇಲಾಖೆಯ ಅನುಮತಿ ಬೇರೆ ಬೇಕು. ಕಾಗದಪತ್ರಗಳನ್ನು ಹೊಂದಿಸಬಹುದು, ಆದರೆ ಮೈಸೂರಿನ ನಮ್ಮ ಬೀದಿಯಲ್ಲಿ ಬೀದಿನಾಯಿಗಳ ಹಿಂಡು ಸುತ್ತುವರಿದರೆ ಹಾರ್ನೆಸ್ ತೊಟ್ಟ ನಾಯಿ ಕೆಲಸ ಮಾಡುವುದು ಹೇಗೆ? ಫುಟ್‌ಪಾತಿನ ಮೇಲೆ ಸ್ಕೂಟರು, ಚರಂಡಿಯ ಮುರಿದ ಚಪ್ಪಡಿ, ಅಡ್ಡಾದಿಡ್ಡಿ ಬರುವ ಆಟೋ, ಇವುಗಳಿಗೆ ಮೊರಿಸ್‌ಟೌನ್‌ನಲ್ಲಿ ಪಾಠವಿಲ್ಲ. ನಾನು ನಾಯಿಯನ್ನು ಅದು ಮರಿಯಾಗಿದ್ದಾಗ ಸಾಕಿದ ಕುಟುಂಬದ ಬಳಿ ಬಿಟ್ಟು, ಕೋಲು ಹಿಡಿದು ಹೊರಡುತ್ತೇನೆ. ಕರೆದೊಯ್ಯಲೇಬೇಕೆನ್ನುವವರು ಲಸಿಕೆಯ ಪ್ರಮಾಣಪತ್ರಕ್ಕೆ ಅಮೆರಿಕದ ಕೃಷಿ ಇಲಾಖೆಯ ಮೊಹರನ್ನು ಹೊರಡುವ ಮೊದಲೇ ಹಾಕಿಸಿಕೊಳ್ಳಬೇಕು, ಭಾರತಕ್ಕೆ ಹೋದ ಮೇಲೆ ಅದನ್ನು ಪಡೆಯಲಾಗದು.